ಅಂಟಿಕೊಂಡ ಮುಳ್ಳು

ಊರಲ್ಲಿ ಹೊಲದಿಂದ ಬಂದರೆ ಪ್ಯಾಂಟ್ ತುಂಬಾ ಉತ್ತರಾಣಿ ಮುಳ್ಳು. ಜಗಲಿ ಮೇಲೆ ಕೂತು, ಬೈಕೊಂಡು, ಒಂದೊಂದೇ ಕಿತ್ತು ಎಸೀತಿದ್ದೆ. 1941ರಲ್ಲಿ ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಜಾರ್ಜ್ ಡೆ ಮೆಸ್ಟ್ರಾಲ್ ನಾಯಿ ಜೊತೆ ಬೆಟ್ಟ ಸುತ್ತಿ ಬಂದಾಗಲೂ ಇಂಥದ್ದೇ ಮುಳ್ಳುಕಾಯಿ ಅಂಟಿಕೊಂಡಿದ್ದವು. ಆತ ಮೈಕ್ರೋಸ್ಕೋಪಿನಲ್ಲಿಟ್ಟು ನೋಡಿದ. ಪುಟ್ಟ ಪುಟ್ಟ ಕೊಕ್ಕೆಗಳು ಕಂಡವು. ಅವನ್ನೇ ನೈಲಾನಿನಲ್ಲಿ ಮಾಡೋಕೆ ವರ್ಷಗಟ್ಟಲೆ ಒದ್ದಾಡಿದ. ನಮ್ಮ ಶೂ, ಬ್ಯಾಗುಗಳ ವೆಲ್ಕ್ರೋ ಹುಟ್ಟಿದ್ದು ಹಾಗೆ.

ನಾನು ಈಗಲೂ ಕಿತ್ತೆಸೆಯೋನೇ. ವಾರಕ್ಕೊಮ್ಮೆ ಸರ್ವರ್ ಹ್ಯಾಂಗ್ ಆಗುತ್ತೆ. ರೀಸ್ಟಾರ್ಟ್ ಮಾಡಿ ಟಿಕೆಟ್ ಕ್ಲೋಸ್ ಮಾಡ್ತೀನಿ. ಮೊನ್ನೆ ಟೀಮಿಗೆ ಹೊಸದಾಗಿ ಸೇರಿದ ಹುಡುಗಿ ಕೇಳಿದಳು, "ಯಾವಾಗಲೂ ಸೋಮವಾರವೇ ಯಾಕೆ ಹೀಗಾಗುತ್ತೆ?"

ಎರಡು ವರ್ಷದಲ್ಲಿ ನನಗೆ ಆ ಪ್ರಶ್ನೆಯೇ ಹೊಳೆದಿರಲಿಲ್ಲ. ಈ ವಾರದ ಟಿಕೆಟ್ ಇನ್ನೂ ಕ್ಲೋಸ್ ಮಾಡಿಲ್ಲ. ಇಬ್ಬರೂ ಕೂತು ಲಾಗ್ ಓದ್ತಿದ್ದೀವಿ.