ಕೊಟ್ಟಿಗೆ ಬಾಗಿಲು ಮತ್ತು ಆರೂವರೆ ಅಡಿ ತೆಪ್ಪ

ಬೆಂಗಳೂರಲ್ಲಿ ಜನ ಸೆಕೆಂಡ್ ಹ್ಯಾಂಡ್ ಕಾರು ಹುಡುಕ್ತಾರೆ, ಬುಲೆಟ್ ಹುಡುಕ್ತಾರೆ, ಕೊನೆಗೆ ಸೋಫಾನಾದ್ರೂ ಹುಡುಕ್ತಾರೆ. ನಾನು ಮೂರು ತಿಂಗಳು ಹುಡುಕಿದ್ದು ಸೆಕೆಂಡ್ ಹ್ಯಾಂಡ್ ತೆಪ್ಪ! ಆಫೀಸಲ್ಲಿ ಹೇಳಿದಾಗ ಪಕ್ಕದ ಸೀಟಿನವನು, "ಯಾಕೋ, ಸಿಲ್ಕ್ ಬೋರ್ಡ್ ದಾಟೋದಕ್ಕಾ?" ಅಂದ. ಮಳೆಗಾಲ ಬೇರೆ, ಅವನದೇನೂ ತಪ್ಪಿಲ್ಲ ಬಿಡಿ.

ತೆಪ್ಪ ಅಂದ್ರೆ ಕೆಲವು ಕಡೆ ಹರಿಗೋಲು ಅಂತಾರಲ್ಲ, ಅದೇ. ದುಂಡಗೆ, ದೊಡ್ಡ ಬುಟ್ಟಿ ಥರ. ಹಂಪಿಗೆ ಹೋದವರು ಕೂತು ಫೋಟೋ ತೆಗೆಸಿಕೊಂಡಿರ್ತೀರಿ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಕೂಡ ಇದನ್ನ ನೋಡಿ ಬರೆದಿಟ್ಟಿದ್ದಾನೆ. ಒಳಗೆ ಬೆತ್ತ, ಹೊರಗೆ ಚರ್ಮ, ಹದಿನೈದು ಇಪ್ಪತ್ತು ಜನ ದಾಟ್ತಾರೆ, ಬೇಕಾದ್ರೆ ಕುದುರೆ ಎತ್ತುಗಳೂ ದಾಟ್ತಾವೆ ಅಂತ. ಐನೂರು ವರ್ಷ ಆಯ್ತು. ಚರ್ಮ ಹೋಗಿ ಡಾಂಬರು ಬಳಿದ ಗೋಣಿ, ಪ್ಲಾಸ್ಟಿಕ್ ಚೀಲ ಬಂತು, ಈಗ ಫೈಬರ್ ಬಂದಿದೆ. ಆಕಾರ ಮಾತ್ರ ಅದೇ.

ನನಗೆ ಈ ಹುಚ್ಚು ಹಿಡಿದದ್ದು ನಮ್ಮ ಹೊಳೆ ದಂಡೇಲಿ ಅಲ್ಲ, ಟೆಕ್ಸಾಸ್‌ನಲ್ಲಿ. ಎಂಟು ತಿಂಗಳು ಆನ್‌ಸೈಟ್ ಅಂತ ಡಲ್ಲಾಸ್ ಹತ್ತಿರ ಇದ್ದೆ. ಅಲ್ಲಿ ನನ್ನ ಲೀಡ್‌ಗೆ ಬಾಸ್ ಮೀನಿನ ಹುಚ್ಚು. ನಮ್ಮಲ್ಲಿ ಕ್ರಿಕೆಟ್ ಹೆಂಗೋ ಅಲ್ಲಿ ಕೆಲವರಿಗೆ ಇದು ಹಂಗೆ. ಆ ಮೀನು ಹಿಡಿಯೋದಕ್ಕೇ ಅಂತ ಬೇರೆ ದೋಣಿ ಇದೆ ನೋಡಿ. 1948ರಲ್ಲಿ ಲೂಸಿಯಾನಾದ ಶ್ರೀವ್‌ಪೋರ್ಟ್‌ನಲ್ಲಿ ಹೋಮ್ಸ್ ಥರ್ಮಂಡ್ ಅನ್ನೋನು ಮೊದಲನೇದು ಮಾಡಿದ ಅಂತಾರೆ. ಈಗ ಹೊಸದರ ಬೆಲೆ ಕೇಳಿದ್ರೆ ದಾವಣಗೆರೆ ವಿದ್ಯಾನಗರದಲ್ಲಿ ಸೈಟು ನೆನಪಾಗುತ್ತೆ. ಹಂಗಾಗಿ ಅವನು ಹಳೇದು ಹುಡುಕ್ತಿದ್ದ, ಶನಿವಾರ ಶನಿವಾರ ನನ್ನನ್ನೂ ಕರ್ಕೊಂಡು ಹೋಗ್ತಿದ್ದ.

ಅವನ ಸಮಸ್ಯೆ ಎಂಜಿನ್ನಿನದಲ್ಲ, ಗ್ಯಾರೇಜಿನದು. ಅವನಿರುವ ಬಡಾವಣೆಯಲ್ಲಿ ಮನೆ ಮುಂದೆ ದೋಣಿ ನಿಲ್ಲಿಸೋ ಹಾಗಿಲ್ಲ. ಗ್ಯಾರೇಜಿನ ಉದ್ದ ಇಪ್ಪತ್ತು ಅಡಿ. ಹದಿನೆಂಟು ಅಡಿ ದೋಣಿ ಅಂತ ಖುಷಿಯಾಗಿ ಹೋದ್ರೆ, ಅದು ಬರೀ ದೋಣಿಯ ಉದ್ದ! ಹಿಂದೆ ಮೋಟಾರು ಚಾಚಿರುತ್ತೆ, ಮುಂದೆ ಟ್ರೇಲರಿನ ಮೂತಿ ಇರುತ್ತೆ. ಎಲ್ಲಾ ಸೇರಿ ಇಪ್ಪತ್ತೆರಡರ ಮೇಲೆ. ಮೂತಿ ಮಡಚೋ ಟ್ರೇಲರ್ ಬೇಕು, ಮೋಟಾರನ್ನ ಒಂದು ಪಕ್ಕಕ್ಕೆ ತಿರುಗಿಸಿ ಕೆಳಗಿಳಿಸಬೇಕು, ಅಷ್ಟಾದ್ರೂ ಆಗಲಿಲ್ಲ ಅಂದ್ರೆ ಮೂಲೆಯಿಂದ ಮೂಲೆಗೆ ಓರೆಯಾಗಿ ನಿಲ್ಲಿಸಬೇಕು. ಟೇಪು ಹಿಡಿಯೋ ಕೆಲಸ ನನ್ನದು. ಇನ್ನೊಂದು ಅವನು ಕಲಿಸಿದ. ಹಳೇ ದೋಣಿಯ ಹಿಂಭಾಗದ ಹಲಗೆ, ಮೋಟಾರು ಕೂರೋ ಜಾಗ, ಅದನ್ನ ಬೆರಳಿನ ಗಂಟಿನಿಂದ ತಟ್ಟಿ ನೋಡೋದು. ಗಟ್ಟಿ ಶಬ್ದ ಬಂದ್ರೆ ಸರಿ. ಡಬ್ ಅಂತ ಸತ್ತ ಶಬ್ದ ಬಂದ್ರೆ ಫೈಬರ್ ಒಳಗಿನ ಮರ ನೀರು ಕುಡಿದು ಕೊಳೆತಿದೆ ಅಂತ. ಬಣ್ಣ ಎಷ್ಟು ಹೊಳೆದರೂ ತಿರುಗಿ ನೋಡಬಾರದು.

ಆ ವಿದ್ಯೆ ನಮ್ಮ ಕಡರನಾಯಕನಹಳ್ಳಿಯಲ್ಲಿ ಉಪಯೋಗಕ್ಕೆ ಬರುತ್ತೆ ಅಂತ ಕನಸಲ್ಲೂ ಅಂದ್ಕೊಂಡಿರಲಿಲ್ಲ.

ವಾಪಸ್ ಬಂದು ಊರಿಗೆ ಹೋದಾಗ ಅಪ್ಪನ ಗಾಳದ ಕೋಲು ಅಟ್ಟದ ಮೇಲೆ ಧೂಳು ತಿಂತಾ ಇತ್ತು. ನನಗೆ ಬುದ್ಧಿ ಬಂದಾಗಿನಿಂದ ಅಪ್ಪ ಭಾನುವಾರ ಹೊಳೆಗೆ ಹೋಗದೇ ಇದ್ದದ್ದು ನೋಡಿಲ್ಲ. ಗದ್ದೆ ಕೆಲಸ ಇದ್ರೂ ಸಂಜೆ ಒಂದು ತಾಸು. "ಯಾಕಪ್ಪಾ, ಹೋಗಲ್ವಾ?" ಅಂದ್ರೆ, "ಮಂಡಿ ಮಡಚಾಕ ಬರಂಗಿಲ್ಲ ಮಾರಾಯ, ದಡದಾಗ ಕುಕ್ಕರಗಾಲಲ್ಲಿ ಕುಂತ್ರೆ ಎದ್ದು ಬರಾದು ಹೆಂಗ?" ಅಂದ್ರು. ನಗ್ತಾನೇ ಅಂದ್ರು. ಆದ್ರೆ ಅವ್ವ ಆಮೇಲೆ ಅಡಿಗೆಮನೇಲಿ ಹೇಳಿದ್ಲು, ಎರಡು ವರ್ಷ ಆಯ್ತಂತೆ, ಸಂಜೆ ಆದ್ರೆ ಜಗಲಿ ಮೇಲೆ ಕೂತು ರಸ್ತೆ ನೋಡ್ತಾರಂತೆ, ಮಾತೇ ಕಡಿಮೆ ಆಗಿದೆಯಂತೆ. ಫೋನಲ್ಲಿ ನನಗೆ ಗೊತ್ತೇ ಆಗಿರಲಿಲ್ಲ. "ಹೂಂ, ಆರಾಮ್" ಅನ್ನೋದನ್ನ ನಂಬಿಕೊಂಡಿದ್ದೆ.

ತೆಪ್ಪದಲ್ಲಾದ್ರೆ ಕಾಲು ಚಾಚಿ ಕೂರಬಹುದಲ್ಲ ಅಂತ ಹೊಳೆದದ್ದು ಆವಾಗ.

ಅವ್ವ ಕೇಳಿದ ತಕ್ಷಣ ಮುಖ ಬಿಗಿ ಮಾಡಿದ್ಲು. ಕಾರಣ ನನಗೂ ಗೊತ್ತು. ನಾನು ಆರನೇ ಕ್ಲಾಸಿನಲ್ಲಿದ್ದಾಗ ನಮ್ಮ ಓಣಿಯ ಒಬ್ಬ ಹುಡುಗ, ನನಗಿಂತ ಎರಡು ವರ್ಷ ದೊಡ್ಡವನು, ದಡದಲ್ಲಿ ಕಟ್ಟಿದ್ದ ಯಾರದೋ ತೆಪ್ಪದ ಹಗ್ಗ ಬಿಚ್ಚಿಕೊಂಡು ಹೋಗಿದ್ದ. ತೆಪ್ಪ ಸಿಕ್ತು. ಅವನು ಸಿಕ್ಕಿದ್ದು ಮೂರನೇ ದಿನ. ಅವರಮ್ಮ ಇವತ್ತಿಗೂ ನಮ್ಮ ಮನೆ ಮುಂದೆ ಹಾದು ಹೋಗ್ತಾರೆ.

"ದಡದಾಗ ಕಟ್ಟಿ ಬರಾದು ಬ್ಯಾಡ. ಮನಿಗೆ ತಂದು ಕೀಲಿ ಹಾಕಾದಾದ್ರೆ ತಗಾ. ಇಲ್ಲಾಂದ್ರೆ ಆ ಸುದ್ದೀನೇ ಎತ್ತಬ್ಯಾಡ" ಅಂದ್ಲು.

ಅಲ್ಲಿಗೆ ನನ್ನ ಲೀಡ್‌ನ ಸಮಸ್ಯೆ ನನ್ನ ತಲೆಗೇ ಬಂತು. ನಮ್ಮ ಗ್ಯಾರೇಜು ಅಂದ್ರೆ ದನದ ಕೊಟ್ಟಿಗೆ. ಎಮ್ಮೆ ಮಾರಿದ ಮೇಲೆ ಬೈಕು, ಗೊಬ್ಬರದ ಚೀಲ, ಔಷಧಿ ಹೊಡೆಯೋ ಪಂಪು ಅಲ್ಲೇ. ಒಳಗೆ ಜಾಗಕ್ಕೇನೂ ಬರ ಇಲ್ಲ. ಬಾಗಿಲು ಮಾತ್ರ ಅಜ್ಜನ ಕಾಲದ್ದು. ಅಗಲ ನಾಲ್ಕೂವರೆ ಅಡಿ, ಎತ್ತರ ಆರಡಿ. ಒಡೆಸಿ ದೊಡ್ಡದು ಮಾಡಿಸೋಣ ಅಂದ್ರೆ ಅಟ್ಟದ ತೊಲೆ ಆ ಚೌಕಟ್ಟಿನ ಮೇಲೇ ಕೂತಿದೆ.

ಹುಡುಕೋಕೆ ಶುರು ಮಾಡಿದೆ. ಮೊದಲು ನೋಡಿದ್ದು ಹರಿಹರದ ಕಡೆ, ಎಂಟಡಿ ಬಿದಿರಿನದು. ಚೆಂದ ಇತ್ತು. ಮಗುಚಿ ಹಾಕಿ ಒಳಗೆ ತಲೆ ತೂರಿಸಿ ನೋಡಿದೆ. ಬಿದಿರಿನದನ್ನ ಹೀಗೇ ನೋಡಬೇಕು, ಬಿಸಿಲಲ್ಲಿ ಮಗುಚಿ ಕತ್ತಲೆಯಿಂದ ನೋಡಿದ್ರೆ ತೂತುಗಳು ನಕ್ಷತ್ರದ ಥರ ಕಾಣ್ತಾವೆ. ಇದರಲ್ಲಿ ನಾಲ್ಕೈದೇ ಇದ್ವು, ಡಾಂಬರು ಬಳಿದ್ರೆ ಮುಚ್ಚುತ್ತೆ. ಆದ್ರೆ ಎಂಟಡಿ ನಮ್ಮ ಬಾಗಿಲಲ್ಲಿ ಯಾವ ಕೋನದಲ್ಲೂ ತೂರಲ್ಲ. ಬಿದಿರಿನದಕ್ಕೆ ಇನ್ನೊಂದು ತಾಪತ್ರಯ ಏನಪ್ಪಾ ಅಂದ್ರೆ, ವರ್ಷಾ ವರ್ಷಾ ಆರೈಕೆ ಮಾಡ್ತಿರಬೇಕು. ದಿನಾ ಹೊಳೇಲಿರೋರಿಗೆ ಅದು ಸರಿ. ತಿಂಗಳಿಗೊಮ್ಮೆ ಬೆಂಗಳೂರಿಂದ ಬಸ್ಸಿಳಿಯೋ ನನ್ನಂಥವನಿಗಲ್ಲ.

ಎರಡನೇದು ಐದೂವರೆ ಅಡಿ ಫೈಬರ್. ಸಲೀಸಾಗಿ ಬಾಗಿಲಲ್ಲಿ ಹೋಗುತ್ತೆ, ಒಬ್ಬನೇ ತಲೆ ಮೇಲೆ ಹೊತ್ತುಕೊಂಡು ಆಮೆ ಥರ ನಡೆಯಬಹುದು. ದುಡ್ಡು ಕೊಡೋದೊಂದೇ ಬಾಕಿ. ನೆಲದ ಮೇಲೇ ಇಟ್ಟು ನಾನು ಒಳಗೆ ಕೂತೆ, ಮಾರೋ ಹುಡುಗನಿಗೆ, "ನೀನು ಎದುರಿಗೆ ಕೂತ್ಕೋ, ಒಂದು ಕಾಲು ಪೂರ್ತಿ ಚಾಚು" ಅಂದೆ. ಅವನ ಪಾದ ಬಂದು ನನ್ನ ಹೊಟ್ಟೆಗೆ ತಾಗಿತು. ಹುಟ್ಟು ಹಾಕೋದು ಎಲ್ಲಿಂದ? ತೆಪ್ಪಕ್ಕೆ ಮುಂದೆ ಹಿಂದೆ ಅಂತ ಇಲ್ಲ. ಮುಂದಿನ ಅಂಚಿಗೆ ಬಾಗಿ ನೀರನ್ನ ತನ್ನ ಕಡೆ ಎಳಕೋಬೇಕು, ಎಡಕ್ಕೊಮ್ಮೆ ಬಲಕ್ಕೊಮ್ಮೆ. ಇಲ್ಲಾಂದ್ರೆ ಬುಗುರಿ ಥರ ಅಲ್ಲೇ ಸುತ್ತುತ್ತೆ. ಅದಕ್ಕೆ ಮೊಣಕೈ ಆಡೋ ಜಾಗ ಬೇಕೇ ಬೇಕು. ಆ ತೆಪ್ಪ ತಗೊಂಡಿದ್ರೆ ನಾನೊಬ್ಬನೇ ಮೀನು ಹಿಡೀತಿದ್ದೆ, ಅಪ್ಪ ದಡದಲ್ಲಿ ನಿಂತು ನೋಡ್ತಿದ್ರು. ಬಿಟ್ಟು ಬಂದೆ.

ಮಧ್ಯೆ ಒಬ್ಬರು ಹೊಸದರಂತಿದ್ದ ಒಂದು ಫೈಬರ್ ತೆಪ್ಪ ತೋರಿಸಿದ್ರು, ಅರ್ಧ ರೇಟು. ಮೀನುಗಾರರಿಗೆ ಸರ್ಕಾರದ ಸಹಾಯಧನದಲ್ಲಿ ಕೊಟ್ಟದ್ದು ಅಂತ ಅವರೇ ಹೇಳಿದ್ರು. ಒಬ್ಬರ ಹೊಟ್ಟೆಪಾಡಿಗೆ ಅಂತ ಬಂದದ್ದನ್ನ ನನ್ನ ಭಾನುವಾರಕ್ಕೆ ತಗೊಳ್ಳೋಕೆ ಮನಸ್ಸಾಗಲಿಲ್ಲ. ಕಾಸು ಉಳೀತಿತ್ತು ನಿಜ.

ಮೂರನೇದು ಸಿಕ್ಕಿದ್ದು ಹೊಳೆ ಆಚೆ, ರಾಣೆಬೆನ್ನೂರು ತಾಲ್ಲೂಕಿನಲ್ಲಿ, ಚೌಡಯ್ಯದಾನಪುರಕ್ಕೆ ಹೋಗೋ ದಾರಿಯ ಒಂದು ಊರಲ್ಲಿ. ಹನ್ನೆರಡನೇ ಶತಮಾನದ ವಚನಕಾರ ಅಂಬಿಗರ ಚೌಡಯ್ಯನ ಹೆಸರಿನ ಊರು ಅದು, ತೆಪ್ಪ ಹುಡುಕೋಕೆ ಅದಕ್ಕಿಂತ ಒಳ್ಳೇ ದಿಕ್ಕು ಎಲ್ಲಿದೆ ಹೇಳಿ! ಮಾರೋ ಅಜ್ಜನಿಗೆ ಎಪ್ಪತ್ತರ ಮೇಲೆ. ಮಕ್ಕಳು ಯಾರೂ ಹೊಳೆಗೆ ಇಳಿಯಲ್ವಂತೆ. ಬಾಯಿ ಆರೂವರೆ ಅಡಿ, ತಳ ಐದಡಿ, ಆಳ ಇಪ್ಪತ್ತೊಂದು ಅಂಗುಲ. ಬೆರಳಿನ ಗಂಟಿನಿಂದ ಸುತ್ತಲೂ ತಟ್ಟಿದೆ. ತಳದಲ್ಲಿ ಒಂದು ಕಡೆ ಶಬ್ದ ಸತ್ತಿತ್ತು. ಮರಳಿಗೆ ಉಜ್ಜಿ ಉಜ್ಜಿ ಫೈಬರಿನ ಎಳೆ ಮೇಲೆ ಕಾಣ್ತಿತ್ತು. ಅಜ್ಜ ನನ್ನನ್ನೇ ನೋಡ್ತಾ ಇದ್ದವರು, "ಅಲ್ಲೇ ಐತಿ ನೋಡು ಅದರ ರೋಗ. ಅಂಗೈಯಗಲ. ನಾನಾ ತೋರಿಸಾಂವ ಇದ್ದೆ" ಅಂದ್ರು. ಆಮೇಲೆ ಒಳಗೆ ನಾಲ್ಕು ಕೊಡ ನೀರು ಸುರಿದು, ಎರಡು ಕಲ್ಲಿನ ಮೇಲೆ ಇಟ್ಟು, ಚಾ ಕುಡಿದು ಬಂದು ಅಡಿ ಮುಟ್ಟಿ ನೋಡಿದ್ವಿ. ಒಣಗಿತ್ತು. ಏಳೂವರೆ ಸಾವಿರಕ್ಕೆ ಮಾತಾಯ್ತು, ಹುಟ್ಟು ಸೇರಿಸಿ.

ಆದ್ರೆ ಆರೂವರೆ ಅಡಿ ತೆಪ್ಪ, ಆರಡಿ ಬಾಗಿಲು! ಅಲ್ಲೇ ಮೊಬೈಲಲ್ಲಿ ಲೆಕ್ಕ ಹಾಕಿದೆ. ನೆಟ್ಟಗೆ ಚಕ್ರದ ಥರ ಉರುಳಿಸಿದ್ರೆ ಅರ್ಧ ಅಡಿ ಜಾಸ್ತಿ. ಮಲಗಿಸಿದ್ರೆ ಅಗಲ ಸಾಲಲ್ಲ. ಮೂವತ್ತು ಡಿಗ್ರಿ ವಾಲಿಸಿದ್ರೆ ಎತ್ತರ ಐದು ಅಡಿ ಹತ್ತಂಗುಲ ಚಿಲ್ಲರೆ, ಅಗಲ ನಾಲ್ಕು ಅಡಿ ಐದಂಗುಲ. ಅಂದ್ರೆ ಎರಡೂ ಕಡೆ ಒಂದೊಂದು ಅಂಗುಲ ಉಳಿಯುತ್ತೆ. ತಳ ಬಾಯಿಗಿಂತ ಚಿಕ್ಕದಿರೋದರಿಂದ ಬಚಾವು, ಡಬ್ಬಿ ಥರ ನೇರ ಇದ್ದಿದ್ರೆ ಹೋಗ್ತಿರಲಿಲ್ಲ. ಎಂಜಿನಿಯರಿಂಗ್‌ನಲ್ಲಿ ಕಲಿತ ಟ್ರಿಗನಾಮೆಟ್ರಿ ಕೆಲಸಕ್ಕೆ ಬಂದದ್ದು ಇದೇ ಮೊದಲು, ನಗಬೇಡಿ. ಐದು ವರ್ಷದಿಂದ ನಾನು ಬರೆದ ಕೋಡಿನಲ್ಲಿ ಒಂದು ಸೈನ್, ಒಂದು ಕಾಸ್ ಬಂದಿಲ್ಲ.

ಟ್ರಾಕ್ಟರ್ ಟ್ರೇಲರಿನಲ್ಲಿ ತಂದು ಇಳಿಸಿದಾಗ ಓಣಿ ಪೂರ್ತಿ ಸೇರಿತ್ತು. ನಾನೂ ಪಕ್ಕದ ಮನೆ ಅಣ್ಣನೂ ವಾಲಿಸಿಕೊಂಡು ತಳ್ಳಿದ್ವಿ. ಚೌಕಟ್ಟಿನಲ್ಲಿ ಸಿಕ್ಕಿಬಿತ್ತು. ನನ್ನ ಲೆಕ್ಕದಲ್ಲಿ ಬಾಗಿಲ ಚಿಲಕದ ಕೊಂಡಿ ಇರಲಿಲ್ಲ! ಅಪ್ಪ ಜಗಲಿಯಿಂದ ಎದ್ದು ಬಂದು, ಸ್ಪಾನರ್ ತಗೊಂಡು ಕೊಂಡಿ ಬಿಚ್ಚಿ, "ಈಗ ನೂಕ್ರೀ" ಅಂದ್ರು. ಹೋಯ್ತು. ಸುಣ್ಣ ಸ್ವಲ್ಪ ಕೆರೀತು ಅಷ್ಟೆ. ಕೊಂಡಿಯನ್ನ ಬೇರೆ ಜಾಗಕ್ಕೆ ಹಾಕಿ, ದೊಡ್ಡ ಬೀಗ ತಂದು ಜಡಿದದ್ದೂ ಅಪ್ಪನೇ. ಕೀಲಿ ಅವ್ವನ ಹತ್ತಿರ.

ತಳದ ರೋಗಕ್ಕೆ ದಾವಣಗೆರೆಯಿಂದ ರೆಸಿನ್ನು, ಫೈಬರ್ ಮ್ಯಾಟ್ ತಂದು ಉಪ್ಪುಕಾಗದದಿಂದ ಉಜ್ಜಿ ಎರಡು ಪದರ ಹಚ್ಚಿದೆ. ಲೈಫ್ ಜಾಕೆಟ್ ಎರಡು. ಅಪ್ಪನಿಗೆ ಅದನ್ನ ಹಾಕಿಸೋದು ತೆಪ್ಪ ಹುಡುಕಿದ್ದಕ್ಕಿಂತ ಕಷ್ಟ ಆಯ್ತು. "ಈಜು ಬರಾ ನನಗ ಇದ್ಯಾಕಲೇ?" ಅಂತ. ಅವ್ವ ಕೀಲಿ ಕೊಡಲ್ಲ ಅಂದಮೇಲೆ ಹಾಕ್ಕೊಂಡ್ರು. ಮಳೆ ಜೋರಾಗಿ ಹೊಳೆ ಕೆಂಪಾದ್ರೆ ತೆಪ್ಪ ಕೊಟ್ಟಿಗೆ ಬಿಟ್ಟು ಅಲ್ಲಾಡೋ ಹಾಗಿಲ್ಲ ಅನ್ನೋದೂ ಅವಳದೇ ಕಾನೂನು. 2019ರ ಆಗಸ್ಟಿನಲ್ಲಿ ತುಂಗಭದ್ರೆ ಹೆಂಗೆ ಬಂದಿತ್ತು ಅಂತ ನಾವೆಲ್ಲಾ ನೋಡಿದ್ದೀವಿ, ಆ ವಿಷಯದಲ್ಲಿ ನನ್ನದೂ ಪೂರ್ತಿ ಒಪ್ಪಿಗೆ.

ಮೊದಲ ಭಾನುವಾರ ದಂಡೆ ಬಿಟ್ಟು ಬಹಳ ದೂರ ಏನೂ ಹೋಗಲಿಲ್ಲ. ಟೆಕ್ಸಾಸಿಂದ ತಂದ ರಬ್ಬರ್ ಕಪ್ಪೆ ಗಾಳಕ್ಕೆ ಕಟ್ಟಿ ಜೊಂಡಿನ ಪಕ್ಕ ಎಸೆದೆ, ಬಾಸ್‌ಗೆ ಹೇಳಿ ಮಾಡಿಸಿದ್ದು ನಮ್ಮ ಕೊರವ ಮೀನಿಗೂ ಆಗುತ್ತೆ ಅಂತ ಓದಿದ್ದೆ. ಅಪ್ಪ ಎರೆಹುಳ ಕಟ್ಟಿದ್ರು. ಸಂಜೆ ತನಕ ಅಪ್ಪನಿಗೆ ಮೂರು ಜಿಲೇಬಿ, ನನಗೆ ಒಂದು ಮುರಿದ ಟೊಂಗೆ. ಎಡಗಾಲು ನನ್ನ ಪಕ್ಕದವರೆಗೂ ಚಾಚಿಕೊಂಡು, 1992ರ ಮಳೆಯಿಂದ ಹಿಡಿದು ಭದ್ರಾ ನಾಲೆ ನೀರಿನ ಜಗಳದ ತನಕ ಅಪ್ಪ ಮಾತಾಡಿದ್ದೇ ಮಾತಾಡಿದ್ದು. ನಾನು ಹುಟ್ಟು ಹಾಕ್ತಾ ಹೂಂ ಅಂತಿದ್ದೆ. ಒಂದೆರಡು ಸಲ ಬುಗುರಿನೂ ಆಯ್ತು.

ಮೊನ್ನೆ ಫೋನ್ ಮಾಡಿ, ಈ ವಾರ ಬರ್ತೀನಿ, ಹೊಳೆಗೆ ಹೋಗಣ ಅಂದೆ. ಅಪ್ಪ, "ಬಾ. ಆದ್ರೆ ತೆಪ್ಪ ಖಾಲಿ ಇಲ್ಲ" ಅಂದ್ರು. ಅಂಗಳದಲ್ಲಿ ಮಗುಚಿ ಹಾಕಿ, ಮೇಲೆ ಸೀರೆ ಹಾಸಿ, ಅವ್ವ ಸಂಡಿಗೆ ಇಟ್ಟಿದ್ದಾಳಂತೆ. ಒಣಗೋಕೆ ಇನ್ನೂ ಎರಡು ಬಿಸಿಲು ಬೇಕಂತೆ.