ಹೋಗುವ ದಾರಿಯೂ ಬರುವ ದಾರಿಯೂ

ನಮ್ಮ ಬೋರ್ಡಿಂಗಿನ ಹುಡುಗಿಯರಲ್ಲಿ ಅನೇಕರು ಬಡವರ ಮಕ್ಕಳು. ಮನೆಯಿಂದ ಬರುವ ವಿದ್ಯಾರ್ಥಿನಿಯರು ರಾತ್ರಿ ತಂದೆತಾಯಿಗಳ ಫೋನಿನಲ್ಲಿ ಪಾಠಗಳನ್ನು ನೋಡಿಕೊಳ್ಳುವರು. ಇವರಿಗಾದರೋ ಆ ಅನುಕೂಲವಿಲ್ಲ. ಪಾಠಗಳೂ ಹಳೆಯ ಪ್ರಶ್ನಪತ್ರಿಕೆಗಳೂ ಪುಸ್ತಕಾಲಯದ ಕಂಪ್ಯೂಟರಿನಲ್ಲಿರುತ್ತವೆ. ಕತ್ತಲಾದ ಮೇಲೆ ಮಕ್ಕಳನ್ನು ಅಲ್ಲಿಗೆ ಕಳುಹಿಸುವದು ಯುಕ್ತವಲ್ಲ. ಆದಕಾರಣ ಅವರು ಬೋರ್ಡಿಂಗಿನಲ್ಲಿಯೇ ಕುಳಿತು ಅವುಗಳನ್ನು ಓದುವಂತೆ ಮಾಡಬೇಕೆಂದು ನಿಶ್ಚಯಿಸಿದೆವು. ಇದು ನೆರವೇರಿದ ಬಗೆಯನ್ನು ಹಳೆಯ ವಿದ್ಯಾರ್ಥಿನಿಯರಿಗೂ ಪೋಷಕರಿಗೂ ತಿಳಿಸುವದು ಉಚಿತವೆಂದೆಣಿಸುತ್ತೇನೆ.

ಅಂಗಳವನ್ನು ಅಗೆದು ತಂತಿ ಹಾಕಿದರೆ ಹಳೆಯ ಮರಗಳ ಬೇರುಗಳಿಗೆ ಹಾನಿಯಾಗುವದು. ಆದ್ದರಿಂದ ಮೂರು ಕಟ್ಟಡಗಳಲ್ಲಿ ಮೂರು ರೌಟರುಗಳನ್ನಿಟ್ಟು ತಂತಿಯಿಲ್ಲದೆ ಕೂಡಿಸಲಾಯಿತು. ಬೋರ್ಡಿಂಗಿಗೂ ಪುಸ್ತಕಾಲಯಕ್ಕೂ ನಡುವೆ ಮರಗಳು ದಟ್ಟವಾಗಿರುವದರಿಂದ ಅವೆರಡರ ಸಂಕೇತಗಳು ನೇರವಾಗಿ ಮುಟ್ಟವು. ಎರಡಕ್ಕೂ ಶಾಲೆಯ ಮಾಳಿಗೆಯೇ ಮಧ್ಯಸ್ಥಳ. ಇಂಟರ್‌ನೆಟ್ಟೂ ಶಾಲೆಗೇ ಬರುವದು. ಶಾಲೆಗೆ 192.168.1, ಬೋರ್ಡಿಂಗಿಗೆ 192.168.2, ಪುಸ್ತಕಾಲಯಕ್ಕೆ 192.168.3 ಎಂದು ಆರಂಭವಾಗುವ ವಿಳಾಸಗಳನ್ನು ಕೊಡಲಾಯಿತು. ಇಂಥ ವಿಳಾಸಗಳು ಖಾಸಗಿ ಉಪಯೋಗಕ್ಕೆ ಮೀಸಲೆಂದು 1996ರಲ್ಲಿ ಗೊತ್ತುಪಡಿಸಲ್ಪಟ್ಟಿವೆ. ಹೊರಗಿನ ಇಂಟರ್‌ನೆಟ್ಟಿನಲ್ಲಿ ಇವುಗಳಿಗೆ ದಾರಿಯಿಲ್ಲ.

ರೌಟರು ಸಂದೇಶದ ಪೂರ್ಣ ಪ್ರಯಾಣವನ್ನು ಅರಿಯದು. ಈ ವಿಳಾಸಕ್ಕೆ ಹೋಗಬೇಕಾದುದನ್ನು ಮುಂದೆ ಯಾರ ಕೈಗೆ ಕೊಡಬೇಕೆಂಬದಿಷ್ಟೇ ಅದಕ್ಕೆ ಗೊತ್ತು. ಆ ಸೂಚನೆಯನ್ನು ಮನುಷ್ಯನೇ ಬರೆದಿಟ್ಟರೆ ಅದಕ್ಕೆ ಸ್ಥಿರ ಮಾರ್ಗವೆಂದು ಹೆಸರು. ತನಗೆ ತಿಳಿಯದ ವಿಳಾಸಗಳನ್ನೆಲ್ಲ ಶಾಲೆಯ ರೌಟರಿಗೆ ಒಪ್ಪಿಸಬೇಕೆಂದು ಬೋರ್ಡಿಂಗಿನ ರೌಟರಿನಲ್ಲಿಯೂ ಪುಸ್ತಕಾಲಯದ ರೌಟರಿನಲ್ಲಿಯೂ ಬರೆಯಲಾಗಿತ್ತು.

ಎಲ್ಲವನ್ನೂ ಜೋಡಿಸಿ ಕೆಲಸಗಾರನು ಹೊರಟುಹೋದನು. ಆದರೆ ಬೋರ್ಡಿಂಗಿನಲ್ಲಿ ಒಂದು ಪುಟವೂ ತೆರೆಯಲಿಲ್ಲ. ಪರೀಕ್ಷೆ ಸಮೀಪಿಸಿತ್ತು. ನಮ್ಮ ವಿಜ್ಞಾನದ ಉಪಾಧ್ಯಾಯಿನಿಯೂ ಹತ್ತನೆಯ ತರಗತಿಯ ಇಬ್ಬರು ಹುಡುಗಿಯರೂ ಒಂದೊಂದು ರೌಟರನ್ನೇ ಪರೀಕ್ಷಿಸುತ್ತ ಹೋದರು. ಬೋರ್ಡಿಂಗಿನ ಸಂದೇಶವು ಪುಸ್ತಕಾಲಯವನ್ನು ತಲಪಿತ್ತು. ಅಲ್ಲಿಂದ ಉತ್ತರವೂ ಹೊರಟಿತ್ತು. ಹಾಗಾದರೆ ಉತ್ತರವೆಲ್ಲಿ? ಶಾಲೆಯ ರೌಟರಿನಲ್ಲಿ ಪುಸ್ತಕಾಲಯದ ದಾರಿಯನ್ನು ಮಾತ್ರ ಬರೆದಿತ್ತು, ಬೋರ್ಡಿಂಗಿನದನ್ನು ಬರೆದಿರಲಿಲ್ಲ. ಪಾಪ, ಅದು ಆ ಉತ್ತರಗಳನ್ನು ಗುರುತರಿಯದೆ ಹೊರಗಿನ ಇಂಟರ್‌ನೆಟ್ಟಿನ ಕಡೆಗೆ ತಳ್ಳುತ್ತಿತ್ತು. ಅವು ಅಲ್ಲಿಯೇ ನಾಶವಾಗುತ್ತಿದ್ದವು. 192.168.2ಕ್ಕೆ ಹೋಗುವದನ್ನು ಬೋರ್ಡಿಂಗಿನ ರೌಟರಿಗೆ ಕೊಡತಕ್ಕದ್ದು ಎಂಬ ಒಂದೇ ಸಾಲನ್ನು ಆ ಹುಡುಗಿಯರು ಸೇರಿಸಿದರು. ಅಂದಿನ ರಾತ್ರಿಯೇ ಓದು ಆರಂಭವಾಯಿತು.

ದೊಡ್ಡ ಜಾಲಗಳಲ್ಲಿ ರೌಟರುಗಳು ತಮ್ಮತಮ್ಮಲ್ಲೇ ಸಮಾಚಾರವನ್ನು ತಿಳಿಸಿಕೊಂಡು ದಾರಿಯನ್ನು ಬದಲಾಯಿಸಿಕೊಳ್ಳುವದುಂಟು. ಸ್ಥಿರ ಮಾರ್ಗಕ್ಕೆ ಆ ಶಕ್ತಿಯಿಲ್ಲ. ಮನುಷ್ಯನ ಕೈ ತಿದ್ದುವ ತನಕ ಬರೆದದ್ದು ಬರೆದಂತೆಯೇ ಇರುವದು. ಬೇರೆ ದಾರಿಯೇ ಇಲ್ಲದ ಮೂರು ಮನೆಗಳಿಗೆ ಇದು ಸಾಕು. ಒಂದೇ ವಿಳಾಸಕ್ಕಾಗಿ ಎರಡು ರೌಟರುಗಳು ಒಂದನ್ನೊಂದು ತೋರಿಸುವಂತೆ ತಪ್ಪಿ ಬರೆದರೆ ಮಾತ್ರ ಸಂದೇಶವು ಅತ್ತಿತ್ತ ಅಲೆಯುವದು. ಪ್ರತಿ ಸಂದೇಶದಲ್ಲಿ ಒಂದು ಎಣಿಕೆಯಿದ್ದು, ಅದು ರೌಟರಿನಿಂದ ರೌಟರಿಗೆ ಕಡಿಮೆಯಾಗಿ, ಸೊನ್ನೆಯಾದಾಗ ಆ ಅಲೆದಾಟವು ಮುಗಿಯುವದು. ಹುಡುಗಿಯರು ಎಲ್ಲಾ ಮಾರ್ಗಗಳನ್ನು ಕಾಗದದಲ್ಲಿ ಬರೆದು ಶಾಲೆಯ ರೌಟರಿನ ಬಳಿ ತೂಗಹಾಕಿದ್ದಾರೆ. ಅವರು ಶಾಲೆಯನ್ನು ಬಿಟ್ಟ ಮೇಲೆ ಅದು ತಂಗಿಯರಿಗೆ ಉಪಯೋಗವಾಗುವದು.

ಮಕ್ಕಳನ್ನು ವಿದ್ಯೆಗಾಗಿ ದೂರ ಕಳುಹಿಸಿದ ತಂದೆತಾಯಿಗಳಿಗೆ ಇದರಲ್ಲಿ ಒಂದು ಮಾತುಂಟು. ಕಳುಹಿಸುವ ದಾರಿಯನ್ನು ನಾವೆಲ್ಲರೂ ಶ್ರದ್ಧೆಯಿಂದ ಏರ್ಪಡಿಸುತ್ತೇವೆ; ಅವರ ಉತ್ತರ ನಮಗೆ ಮುಟ್ಟುವ ದಾರಿಯನ್ನೂ ತೆರೆದಿಡೋಣ. ಹುಡುಗಿಯು ಸುಮ್ಮನಿದ್ದಾಳೆಂದು ಗದರಿಸುವ ಮೊದಲು, ಅವಳ ಮಾತು ನಡುವೆ ಎಲ್ಲಿ ನಿಂತಿದೆಯೆಂದು ಹುಡುಕೋಣ. ಕೆಲವೊಮ್ಮೆ ಒಂದೇ ಸಾಲಿನ ಕೊರತೆ ಇರುವದು. ದೇವರು ನಿಮ್ಮೆಲ್ಲರನ್ನು ಆಶೀರ್ವದಿಸಲಿ.