ಅಜ್ಜಿಯ ಗುಂಡಿನ ಸರ, ಇಬ್ಬರು ಮೊಮ್ಮಕ್ಕಳು

ಒಡವೆ ಮಾಡಿಸುವುದೆಂದರೆ ಅಂಗಡಿಗೆ ಹೋಗಿ, ತೋರಿಸಿದ್ದರಲ್ಲಿ ಒಂದನ್ನು ಆರಿಸಿಕೊಂಡು ಬರುವುದು ಎಂದು ತಿಳಿದಿದ್ದೀರಾ? ಇರುವ ಚಿನ್ನ ಕರಗಿಸಿ, ನಮಗೆ ಬೇಕಾದ ಹಾಗೆ ಮಾಡಿಸಲು ಹೊರಟು ನೋಡಿ. ಮನೆಯಲ್ಲಿ ಒಂದು ಮದುವೆಯಷ್ಟೇ ಮಾತುಕತೆ!

ನಮ್ಮತ್ತೆಯವರ ಹತ್ತಿರ ಅವರ ತಾಯಿ ಹಾಕಿದ ಗುಂಡಿನ ಸರವಿದೆ. 1963ರಲ್ಲಿ, 14 ಕ್ಯಾರೆಟ್ಟಿಗಿಂತ ಹೆಚ್ಚಿನ ಚಿನ್ನದಲ್ಲಿ ಹೊಸ ಒಡವೆ ಮಾಡಬಾರದು ಎಂದು ಸರ್ಕಾರ ಕಟ್ಟು ಮಾಡಿತ್ತಲ್ಲ, ಅದಕ್ಕೂ ಮುಂಚಿನದು. ಎಷ್ಟೋ ಅಕ್ಕಸಾಲಿಗರ ಒಲೆ ಆಗ ಆರಿತಂತೆ. ಅದಕ್ಕೇ ಅವರ ತಾಯಿ ಆ ಸರವನ್ನು ಯಾರಿಗೂ ಮುಟ್ಟಗೊಡಲಿಲ್ಲ. ಈಗ ದೊಡ್ಡ ಮೊಮ್ಮಗಳ ಮದುವೆ ಬಂದಿದೆ. ಅವಳೋ, "ಆಫೀಸಿಗೆ ಹಾಕ್ಕೊಂಡು ಹೋಗೋ ಹಂಗಿದ್ರೆ ಕೊಡಿ" ಅಂದಳು. ಅತ್ತೆಯವರು ಅದಕ್ಕೆ ಬೇಜಾರು ಮಾಡಿಕೊಳ್ಳಲಿಲ್ಲ. "ಕರಗಿಸು. ಆದ್ರೆ ಚಿಕ್ಕವಳಿಗೇನು?" ಎಂದು ಕೇಳಿದರು. ನನ್ನ ಹತ್ತಿರ ಉತ್ತರವಿರಲಿಲ್ಲ.

ಮೊದಲು ತೂಕ ನೋಡಿಸಿದೆವು. ತಕ್ಕಡಿಯಲ್ಲಿ 32 ಗ್ರಾಂ. ನಮ್ಮವರಿಗೆ ಖುಷಿಯೋ ಖುಷಿ. ಹಳೇ ಗುಂಡುಗಳ ಹೊಟ್ಟೆಯಲ್ಲಿ ಅರಗು ತುಂಬಿರುತ್ತದೆ ಅನ್ನುವುದು ಗಂಡಸರಿಗೆ ಎಲ್ಲಿ ನೆನಪಿರಬೇಕು! ಕರಗಿಸಿದ ಮೇಲೆ ಉಳಿದದ್ದು 27 ಗ್ರಾಂ. ಯಂತ್ರದಲ್ಲಿ ಪರೀಕ್ಷೆ ಮಾಡಿಸಿದರೆ, ಬೆಸುಗೆ ಸೇರಿ 20 ಕ್ಯಾರೆಟ್ ಬಂತು. 22ರ ಲೆಕ್ಕಕ್ಕೆ ತಂದರೆ ಇಪ್ಪತ್ನಾಲ್ಕೂವರೆ ಗ್ರಾಂ. ನೀವೂ ಈ ಲೆಕ್ಕ ಮನೆಯಲ್ಲೇ ಹಾಕಬಹುದು: ತೂಕವನ್ನು 20ರಿಂದ ಗುಣಿಸಿ 22ರಿಂದ ಭಾಗಿಸಿದರಾಯಿತು. ಕರಗಿಸುವಾಗ ಎದುರಿಗೇ ಕೂತಿರಿ, ಸಂಕೋಚ ಬೇಡ.

ಉತ್ತರ ಹೊಳೆದದ್ದು ದಾರದಿಂದ. ಅಳತೆಗೆಂದು ದೊಡ್ಡವಳ ಕತ್ತಿಗೆ ದಾರ ಹಿಡಿದೆ, ಹದಿನೆಂಟು ಅಂಗುಲ ಬಂತು. ಚಿಕ್ಕವಳದ್ದೂ ಅಷ್ಟೇ. ಎರಡು ದಾರ ಸೇರಿಸಿ ಗಂಟು ಹಾಕಿದರೆ ಒಂದು ಉದ್ದ ಸರ! ಹಾಗೇ ಮಾಡಿಸುವುದೆಂದಾಯಿತು. ಹನ್ನೆರಡು ಹನ್ನೆರಡು ಗ್ರಾಮಿನ ಎರಡು ಸರ. ಮಿಕ್ಕ ಅರ್ಧ ಗ್ರಾಂ ಸವಕಲಿಗೆ. ದಿನಕ್ಕೆ ಒಬ್ಬೊಬ್ಬಳದು ಒಂದೊಂದು. ಸಮಾರಂಭಕ್ಕೆ ಒಬ್ಬಳದನ್ನು ಇನ್ನೊಬ್ಬಳು ತಂದು, ಕೊಕ್ಕೆಗೆ ಕೊಕ್ಕೆ ಸೇರಿಸಿದರೆ ಮೂವತ್ತಾರು ಅಂಗುಲದ ಸರ. ಅತ್ತೆಯವರು ಕೇಳಿ, "ಜಗಳ ಆಡಿದ್ರೂ ಕೇಳೋಕಾದ್ರೂ ಹೋಗ್ಬೇಕಲ್ಲ" ಅಂದರು.

ನಮ್ಮ ಆಚಾರ್ರು ನಂಬಿಗಸ್ತರೇ. ಆದರೂ ಚೀಟಿಯಲ್ಲಿ ಬರೆಸಿಕೊಂಡಿದ್ದೇನೆ: ಚಿನ್ನದ ತೂಕ, ಕ್ಯಾರೆಟ್, ಮಜೂರಿ, ಸವಕಲು, ಕೊಡುವ ದಿನ. ಗುಂಡಿಗೆ ಅರಗು ತುಂಬುವ ಮೊದಲೇ ತೂಗಬೇಕು ಅಂತಲೂ ಸೇರಿಸಿದೆ. ಸಿದ್ಧವಾದ ಮೇಲೆ ಹಾಲ್‌ಮಾರ್ಕ್ ಹಾಕಿಸಿ ಕೊಡಲು ಒಪ್ಪಿದ್ದಾರೆ. 22 ಕ್ಯಾರೆಟ್ಟಾದರೆ 916 ಎಂದಿರುತ್ತದೆ. ಜೊತೆಗೆ ಆರು ಅಕ್ಷರ-ಅಂಕೆಗಳ ಗುರುತು 2023ರ ಏಪ್ರಿಲ್‌ನಿಂದ ಇರಲೇಬೇಕು. ಅದನ್ನು ಬಿಐಎಸ್ ಕೇರ್ ಎಂಬ ಆ್ಯಪಿನಲ್ಲಿ ಹಾಕಿ ನೋಡಬಹುದು. ಮಕ್ಕಳ ಕೈಲಿ ಫೋನಿದೆಯಲ್ಲ, ಅಷ್ಟಾದರೂ ಉಪಯೋಗವಾಗಲಿ.

ಅಂದ ಹಾಗೆ, ಸರ ಬಿಚ್ಚುವಾಗ ಅತ್ತೆಯವರು ತೂಕಕ್ಕೆ ಮೊದಲೇ ಎರಡು ಗುಂಡು ತೆಗೆದಿಟ್ಟುಕೊಂಡರು. ಏಕೆಂದು ನಾನು ಕೇಳಲಿಲ್ಲ.

ಇನ್ನು ಕೊಕ್ಕೆಯೊಂದು ತೀರ್ಮಾನವಾಗಬೇಕು. ದೊಡ್ಡವಳು ಎಸ್ ಕೊಕ್ಕೆ ಸಾಕು ಅಂತಾಳೆ. ಬಸ್ಸಿನಲ್ಲಿ ಓಡಾಡುವವಳು, ತಿರುಪೇ ಇರಲಿ ಅಂತ ನಾನು.